ಅಳತೆಗೋಲು ಯಾರ ಕಡೆಗೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಅಂಚಿನಲ್ಲಿ, ಸುಪೀರಿಯರ್ ಸರೋವರದ ದಂಡೆಯ ಮೇಲೆ ಆಶ್‌ಲ್ಯಾಂಡ್ ಎಂಬ ಸಣ್ಣ ಊರಿದೆ. 1988ರಲ್ಲಿ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಕಾಲಿಟ್ಟ ಜೇಮೀ ನಬೋಜ್ನಿ ಎಂಬ ಹುಡುಗನಿಗೆ ತಾನು ಗೇ ಎಂಬುದು ಆ ಹೊತ್ತಿಗೆ ತಿಳಿದಿತ್ತು. ಅದನ್ನು ಮುಚ್ಚಿಡುವುದಿಲ್ಲ ಎಂದು ಅವನು ನಿರ್ಧರಿಸಿದ. ಸಹಪಾಠಿಗಳು ಬೈದರು, ಉಗುಳಿದರು, ಹೊಡೆದರು. ಒಂದು ದಿನ ವಿಜ್ಞಾನದ ತರಗತಿಯಲ್ಲೇ ಇಬ್ಬರು ಅವನನ್ನು ನೆಲಕ್ಕೆ ಕೆಡವಿ ಅತ್ಯಾಚಾರದ ಅಣಕ ಮಾಡಿದರು. ಸುತ್ತ ಇಪ್ಪತ್ತು ಮಕ್ಕಳು ನೋಡುತ್ತ ನಗುತ್ತಿದ್ದರು. ಅವನು ಓಡಿಹೋಗಿ ಮುಖ್ಯಸ್ಥರಿಗೆ ಹೇಳಿದ. ಹುಡುಗರೆಂದರೆ ಹಾಗೆಯೇ, ಇಷ್ಟು ಬಹಿರಂಗವಾಗಿ ಗೇ ಎಂದು ತೋರಿಸಿಕೊಂಡರೆ ಇದನ್ನೆಲ್ಲ ನಿರೀಕ್ಷಿಸಲೇಬೇಕು ಎಂಬರ್ಥದ ಉತ್ತರ ಬಂತು ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ.

ಹೈಸ್ಕೂಲಿನಲ್ಲಿ ಕಾಟ ಇನ್ನೂ ಹೆಚ್ಚಿತು. ಪಡಸಾಲೆಯಲ್ಲಿ ಒಬ್ಬ ಹುಡುಗ ಅವನ ಹೊಟ್ಟೆಗೆ ಒಂದೇ ಸಮನೆ ಒದ್ದ. ಮತ್ತೆ ಕೆಲವರು ನಗುತ್ತ ನೋಡುತ್ತಿದ್ದರು. ಕೆಲವು ವಾರಗಳ ಬಳಿಕ ಒಳಗಿನ ರಕ್ತಸ್ರಾವದಿಂದ ಅವನು ಕುಸಿದುಬಿದ್ದ. ತಂದೆತಾಯಿ ಮಗನ ಪರವಾಗಿ ಮತ್ತೆ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದರೂ ಏನೂ ಬದಲಾಗಲಿಲ್ಲ. ಹುಡುಗ ಒಂದಕ್ಕಿಂತ ಹೆಚ್ಚು ಸಲ ಸಾಯಲು ಯತ್ನಿಸಿದ. ಕೊನೆಗೆ ಊರನ್ನೇ ಬಿಟ್ಟು ಮಿನ್ನಿಯಾಪೊಲಿಸ್ ಸೇರಿದ. ಮುಂದೆ ಅವನು ಹೂಡಿದ ದಾವೆಯಲ್ಲಿ 1996ರಲ್ಲಿ ಮೇಲ್ಮನವಿ ನ್ಯಾಯಾಲಯ, ಉಳಿದ ಮಕ್ಕಳಿಗೆ ಕೊಡುವ ರಕ್ಷಣೆಯನ್ನು ಗೇ ಎಂಬ ಕಾರಣಕ್ಕೆ ಒಬ್ಬ ವಿದ್ಯಾರ್ಥಿಗೆ ನಿರಾಕರಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷ ಜ್ಯೂರಿ ಶಾಲೆಯ ಆಡಳಿತಗಾರರನ್ನು ಹೊಣೆಗಾರರನ್ನಾಗಿ ಮಾಡಿತು. 9 ಲಕ್ಷ ಡಾಲರಿಗೂ ಮಿಕ್ಕಿದ ಪರಿಹಾರಕ್ಕೆ ಒಪ್ಪಂದವಾಯಿತು. ಅಮೆರಿಕದಲ್ಲಿ ಇಂಥ ತೀರ್ಪು ಅದೇ ಮೊದಲು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಶಾಲೆಯ ನೋಟ. ಹೊಡೆದವರು ಇದ್ದರು, ನಕ್ಕವರು ಇದ್ದರು, ಸುಮ್ಮನಿದ್ದ ದೊಡ್ಡವರು ಇದ್ದರು. ಆದರೂ ದೊಡ್ಡವರ ಗಮನವೆಲ್ಲ ಏಟು ತಿಂದವನ ಮೇಲೆ ನೆಟ್ಟಿತ್ತು: ನೀನು ಯಾಕೆ ಹೀಗಿದ್ದೀಯ, ಹೀಗಿದ್ದರೆ ಇನ್ನೇನಾಗುತ್ತದೆ. ಮನೋವಿಜ್ಞಾನವೂ ಬಹುಕಾಲ ಹೀಗೆಯೇ ನೋಡಿತು. ಅದು ತನ್ನ ಅಳತೆಗೋಲನ್ನು ಮಗುವಿನಿಂದ ತೆಗೆದು ಮಗುವಿನ ಸುತ್ತಲಿನವರ ಕಡೆಗೆ ತಿರುಗಿಸಿದ ಕಥೆಯನ್ನು ಈ ಅಧ್ಯಾಯದಲ್ಲಿ ಹೇಳುತ್ತೇನೆ. ಹಾಗೆ ತಿರುಗಿಸಿದ ಮೇಲೆಯೇ, ಹದಿಹರೆಯದ ಗೇ ಹುಡುಗರಿಗೆ, ಲೆಸ್ಬಿಯನ್ ಹುಡುಗಿಯರಿಗೆ ಯಾವುದರಿಂದ ನೆರವಾಗುತ್ತದೆ ಎಂಬುದು ತಿಳಿಯತೊಡಗಿತು.

ಮೊದಲ ತಿರುವು 1950ರ ದಶಕದ್ದು. ಅಲ್ಲಿಯವರೆಗೆ ಸಲಿಂಗಾಕರ್ಷಣೆಯ ಮೇಲಿನ ಅಧ್ಯಯನಗಳೆಲ್ಲ ಹೆಚ್ಚುಕಡಿಮೆ ಮನೋರೋಗಿಗಳ ಮೇಲೆ ಇಲ್ಲವೇ ಜೈಲಿನಲ್ಲಿದ್ದವರ ಮೇಲೆ ನಡೆದಿದ್ದವು. ಆಸ್ಪತ್ರೆಯಲ್ಲಿ ಹುಡುಕಿದರೆ ಕಾಯಿಲೆಯವರೇ ಸಿಗುತ್ತಾರೆ. ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞೆ ಇವ್ಲಿನ್ ಹೂಕರ್, ಯಾವ ಚಿಕಿತ್ಸೆಯಲ್ಲೂ ಇಲ್ಲದ, ತಮ್ಮ ಪಾಡಿಗೆ ಬದುಕುತ್ತಿದ್ದ 30 ಸಲಿಂಗಿ ಗಂಡಸರನ್ನೂ ವಯಸ್ಸು, ಓದು, ಬುದ್ಧಿಮತ್ತೆಗಳಲ್ಲಿ ಅವರಿಗೆ ಸರಿಹೊಂದುವ 30 ಇತರ ಗಂಡಸರನ್ನೂ ಪರೀಕ್ಷಿಸಿದರು. ಶಾಯಿಯ ಕಲೆ ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ರೋರ್ಶಾಕ್ ಪರೀಕ್ಷೆ ಅವುಗಳಲ್ಲಿ ಒಂದು. ಹೆಸರು, ಗುರುತು ಅಳಿಸಿದ ಉತ್ತರಗಳನ್ನು ಆ ಕ್ಷೇತ್ರದ ಘಟಾನುಘಟಿ ತಜ್ಞರ ಮುಂದಿಟ್ಟರು. ಯಾರು ಸಲಿಂಗಿ, ಯಾರು ಅಲ್ಲ ಎಂದು ಅವರಿಂದ ಗುರುತಿಸಲಾಗಲಿಲ್ಲ. ಮಾನಸಿಕ ಸ್ವಾಸ್ಥ್ಯದಲ್ಲೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. 1957ರಲ್ಲಿ ಪ್ರಕಟವಾದ ಆ ಲೇಖನ ತಕ್ಷಣ ಜಗತ್ತನ್ನು ಬದಲಿಸಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಯಿಂದ ಸಲಿಂಗಾಕರ್ಷಣೆಯನ್ನು ತೆಗೆಯಲು 1973ರ ತನಕ ಕಾಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಗೆ 1990ರ ಮೇ 17ರವರೆಗೆ ಸಮಯ ಹಿಡಿಯಿತು. ಭಾರತದ ಮನೋವೈದ್ಯರ ಸಂಘ ಇದು ಕಾಯಿಲೆಯಲ್ಲ ಎಂದು 2018ರಲ್ಲಿ ಸ್ಪಷ್ಟವಾಗಿ ಸಾರಿತು.

ಕಾಯಿಲೆಯಲ್ಲ ಎಂದಾದರೆ ಕಾರಣವೇನು ಎಂದು ಹೆತ್ತವರು ಕೇಳುತ್ತಾರೆ. ಅದಕ್ಕೆ ಇವತ್ತಿನ ಉತ್ತರ ಚಿಕ್ಕದು. 2019ರಲ್ಲಿ ಸುಮಾರು 4 ಲಕ್ಷ 77 ಸಾವಿರ ಜನರ ಜೀನುಗಳನ್ನು ಜಾಲಾಡಿದ ಅಧ್ಯಯನವೊಂದು, ಇದಕ್ಕೆ ಒಂದು ಜೀನ್ ಎಂಬುದಿಲ್ಲ, ಪುಟ್ಟಪುಟ್ಟ ಪ್ರಭಾವ ಬೀರುವ ಅನೇಕ ಜೀನುಗಳಿವೆ, ಜೀನುಗಳಷ್ಟೇ ಎಲ್ಲವನ್ನೂ ವಿವರಿಸುವುದೂ ಇಲ್ಲ ಎಂದು ತೋರಿಸಿತು. ಸಾಕಿದ ರೀತಿಯಿಂದ, ಗೆಳೆಯರ ಸಹವಾಸದಿಂದ, ಅಮ್ಮನ ಮುದ್ದಿನಿಂದ ಹೀಗಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾರಣದ ಬೆನ್ನು ಹತ್ತಿದ ಹೆತ್ತವರು ಬಹುತೇಕ ತಮ್ಮನ್ನೇ ಹಳಿದುಕೊಳ್ಳುತ್ತಿರುತ್ತಾರೆ. ಅವರ ಎದೆಯ ಮೇಲಿಂದ ಆ ಭಾರ ಇಳಿಯಲಿ ಎಂಬುದಕ್ಕಾಗಿಯೇ ಇಷ್ಟು ಹೇಳಿದೆ.

ಆದರೂ ಒಂದು ಕಹಿ ಸತ್ಯ ಉಳಿಯುತ್ತದೆ. ದೇಶ ಯಾವುದೇ ಇರಲಿ, ಸಮೀಕ್ಷೆ ಮಾಡಿದಾಗ ಗೇ ಮತ್ತು ಲೆಸ್ಬಿಯನ್ ಹದಿಹರೆಯದವರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆಗಳು ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತವೆ. ನೋಡಿ, ಒಳಗೇ ಏನೋ ಊನವಿದೆ ಎನ್ನುವವರಿಗೆ ಈ ಅಂಕಿಗಳು ಸಾಕ್ಷಿಯಾಗಿ ಒದಗಿದವು. ಇದಕ್ಕೆ ಬಲವಾದ ಬೇರೆ ವಿವರಣೆ ಕೊಟ್ಟವರು ಸಂಶೋಧಕ ಇಲಾನ್ ಮೇಯರ್. 1995ರಲ್ಲಿ ಆರಂಭಿಸಿ 2003ರಲ್ಲಿ ವಿಸ್ತಾರವಾಗಿ ಅವರು ಮಂಡಿಸಿದ ಸಿದ್ಧಾಂತವನ್ನು ಅಲ್ಪಸಂಖ್ಯಾತರ ಒತ್ತಡ ಎಂದು ಕರೆಯುತ್ತಾರೆ. ಬದುಕಿನಲ್ಲಿ ಎಲ್ಲರಿಗೂ ಒತ್ತಡವಿರುತ್ತದೆ: ಪರೀಕ್ಷೆ, ಮನೆಯ ಸಾಲ, ಅಜ್ಜನ ಕಾಯಿಲೆ. ಜಗತ್ತು ಹೀನಾಯವಾಗಿ ಕಾಣುವ ಗುಂಪಿನಲ್ಲಿ ಹುಟ್ಟಿದವರಿಗೆ ಅದರ ಮೇಲೆ ಇನ್ನೊಂದು ಪದರ ಸೇರುತ್ತದೆ, ಅದು ರಜೆಯಿಲ್ಲದ ಪದರ ಎಂಬುದು ಮೇಯರ್ ವಾದದ ಸಾರ.

ಆ ಪದರವನ್ನು ಬಿಡಿಸಿ ನೋಡಬೇಕು. ಹೊರಗಿನದು ಕಣ್ಣಿಗೆ ಕಾಣುವ ಘಟನೆಗಳು. ಏಟು, ಬೈಗುಳ, ಬೆಂಚಿನ ಮೇಲೆ ಕೊರೆದ ಹೆಸರು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡುವ ಫೋಟೊ. ನಮ್ಮ ಶಾಲೆಗಳಲ್ಲಿ ನಡಿಗೆ ಸ್ವಲ್ಪ ಮೆದುವಾಗಿರುವ ಹುಡುಗನಿಗೆ ‘ಚಕ್ಕಾ’, ‘ಹೆಣ್ಣಿಗ’ ಎಂಬ ಹೆಸರು ಅಂಟುವುದು, ದಿಟ್ಟವಾಗಿ ನಡೆಯುವ ಹುಡುಗಿ ‘ಗಂಡುಬೀರಿ’ ಆಗುವುದು ಎಷ್ಟು ಸಲೀಸಾಗಿ ನಡೆದುಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಒಳಗಿನ ಪದರ ನಿರೀಕ್ಷೆ. ನಿನ್ನೆ ಆದದ್ದು ಇವತ್ತೂ ಆದೀತು ಎಂದು ಮಗು ಸದಾ ಕಾಯುತ್ತಿರುತ್ತದೆ. ಹಾಜರಿ ಕರೆಯುವಾಗ ‘ಪ್ರೆಸೆಂಟ್ ಸರ್’ ಎನ್ನುವ ದನಿ ತೆಳುವಾಗಿ ಬಂದೀತೇ, ಕೈ ಹೆಚ್ಚು ಆಡಿಸಿದೆನೇ, ಯಾರೂ ಇಲ್ಲದ ಹೊತ್ತು ನೋಡಿ ಶೌಚಾಲಯಕ್ಕೆ ಹೋಗಬೇಕೇ, ಅಥವಾ ಇಡೀ ದಿನ ನೀರು ಕುಡಿಯದೆ ಇದ್ದುಬಿಡಬೇಕೇ. ಇನ್ನೂ ಒಳಗಿನದು ಮುಚ್ಚಿಡುವ ಕೆಲಸ. ಯಾವ ನಟಿ ಇಷ್ಟ ಎಂದು ಗೆಳೆಯರು ಕೇಳಿದಾಗ ಹೇಳಿದ ಸುಳ್ಳನ್ನು ಮುಂದಿನ ವಾರವೂ ನೆನಪಿಟ್ಟುಕೊಳ್ಳಬೇಕು. ಗಣಿತದ ಲೆಕ್ಕಕ್ಕೆ ಬೇಕಾದ ಗಮನವನ್ನೇ ಈ ಕಾವಲು ತಿಂದುಹಾಕುತ್ತದೆ. ಅಂಕ ಇಳಿದಾಗ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಶಾಲೆ ಬರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಒಳಗೆ ಕೂರುವುದು, ಹೊರಗಿನ ತಾತ್ಸಾರವನ್ನೇ ಮಗು ನಿಜವೆಂದು ನಂಬಿಬಿಡುವುದು. ಆಗ ಹೊಡೆಯುವವರು ಎದುರಿಗಿಲ್ಲದಿದ್ದರೂ ಕಾಟ ನಿಲ್ಲುವುದಿಲ್ಲ.

ಇದರ ಬೆಲೆಯನ್ನು ದೇಹ ತೆರುತ್ತದೆ. ಅಪಾಯ ಎದುರಾದಾಗ ಮಿದುಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೊರಡಿಸುವ ಸರಪಳಿಯನ್ನು ಎಬ್ಬಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಅದು ಉಪಕಾರಿ. ನಾಯಿ ಹೋದ ಮೇಲೆ ಎಲ್ಲ ತಣ್ಣಗಾಗುತ್ತದೆ. ಸೋಮವಾರದಿಂದ ಶನಿವಾರದವರೆಗೆ, ವರ್ಷಗಟ್ಟಲೆ ಅದು ತಣ್ಣಗಾಗದಿದ್ದರೆ ನಿದ್ದೆ ಕೆಡುತ್ತದೆ, ಹಸಿವು ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ಹೊಟ್ಟೆನೋವು ಎಂದು ಬೆಳಿಗ್ಗೆ ಶಾಲೆ ತಪ್ಪಿಸುವ ಮಗು ನಾಟಕ ಆಡುತ್ತಿರಬೇಕೆಂದೇನಿಲ್ಲ, ನೋವು ನಿಜವಾಗಿಯೂ ಇರಬಹುದು. ಏಟಿಲ್ಲದ, ಬರೀ ಹೊರಗಿಡುವ ಕಾಟವೂ ಸಣ್ಣದಲ್ಲ. 2003ರಲ್ಲಿ ನವೊಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಆಟವೊಂದರಿಂದ ಒಬ್ಬರನ್ನು ಬೇಕೆಂದೇ ಹೊರಗಿಟ್ಟು, ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ದೈಹಿಕ ನೋವಿನ ಸಂಕಟದಲ್ಲಿ ತೊಡಗುವ ಭಾಗವೊಂದು ಆಗಲೂ ಚುರುಕಾಯಿತು. ಅದನ್ನು ಹೇಗೆ ಅರ್ಥೈಸಬೇಕೆಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಗೆಳೆಯರ ಒಪ್ಪಿಗೆಗೆ ಅತಿಯಾಗಿ ಮಿಡಿಯುವ ವಯಸ್ಸೆಂದರೆ ಹದಿಹರೆಯವೇ ಎಂಬ ವಿಷಯದಲ್ಲಿ ಒಮ್ಮತವಿದೆ.

ಒಳ್ಳೆಯ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಲು ಬರಬೇಕು. ಕಷ್ಟದ ಮೂಲ ಮಗುವಿನೊಳಗೇ ಇದ್ದರೆ ಊರು ಬದಲಾದರೂ ಕಷ್ಟ ಅಷ್ಟೇ ಇರಬೇಕು. ಮೂಲ ಸುತ್ತಲಿನ ವಾತಾವರಣದಲ್ಲಿದ್ದರೆ ಊರಿನಿಂದ ಊರಿಗೆ ವ್ಯತ್ಯಾಸ ಕಾಣಬೇಕು. ಮಾರ್ಕ್ ಹ್ಯಾಟ್ಜೆನ್‌ಬುಹ್ಲರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಮಾಡಿದ್ದು ಇದನ್ನೇ. ಅಮೆರಿಕದ ಆರೆಗನ್ ರಾಜ್ಯದ 34 ಕೌಂಟಿಗಳ, ಅಂದರೆ ಜಿಲ್ಲೆಗಳ, 31,852 ಹನ್ನೊಂದನೇ ತರಗತಿ ವಿದ್ಯಾರ್ಥಿಗಳ ಮಾಹಿತಿಯನ್ನು ಅವರು ತೆಗೆದುಕೊಂಡರು. ಹಿಂದಿನ ಒಂದು ವರ್ಷದಲ್ಲಿ ಸಾಯಲು ಯತ್ನಿಸಿದ್ದೆವು ಎಂದವರು ಉಳಿದ ಮಕ್ಕಳಲ್ಲಿ 4.2% ಇದ್ದರೆ, ಗೇ, ಲೆಸ್ಬಿಯನ್, ದ್ವಿಲಿಂಗಾಕರ್ಷಣೆಯ ಮಕ್ಕಳಲ್ಲಿ 21.5% ಇದ್ದರು. ಎದೆ ಝಲ್ಲೆನ್ನುವ ಸಂಖ್ಯೆ. ಆಮೇಲೆ ಅವರು ಪ್ರತಿ ಕೌಂಟಿಯ ವಾತಾವರಣವನ್ನು ಅಳೆದರು: ಶಾಲೆಯ ನಿಯಮಾವಳಿಯಲ್ಲಿ ಈ ಮಕ್ಕಳ ಹೆಸರೆತ್ತಿ ಪೀಡನೆಯನ್ನು ನಿಷೇಧಿಸಲಾಗಿದೆಯೇ, ಶಾಲೆಯಲ್ಲಿ ಅವರಿಗೂ ಅವರ ಗೆಳೆಯರಿಗೂ ಸೇರಲು ಒಂದು ಸಂಘವಿದೆಯೇ, ಊರಿನಲ್ಲಿ ಸಲಿಂಗ ಜೋಡಿಗಳು ಎಷ್ಟು ಪ್ರಮಾಣದಲ್ಲಿ ನೆಲೆಸಿದ್ದಾರೆ, ಹೀಗೆ. ವಾತಾವರಣ ಪ್ರತಿಕೂಲವಾಗಿದ್ದ ಕಡೆ ಈ ಮಕ್ಕಳಲ್ಲಿ ಆತ್ಮಹತ್ಯಾ ಯತ್ನದ ಅಪಾಯ ಅನುಕೂಲವಿದ್ದ ಕಡೆಗಿಂತ 20% ಹೆಚ್ಚಿತ್ತು. ರಾಜ್ಯ ಒಂದೇ, ವಯಸ್ಸು ಒಂದೇ.

2017ರಲ್ಲಿ ಜೂಲಿಯಾ ರೈಫ್‌ಮನ್ ತಂಡ ಇನ್ನೊಂದು ದಾರಿಯಲ್ಲಿ ಇದನ್ನೇ ಕಂಡಿತು. ಅಮೆರಿಕದ ರಾಜ್ಯಗಳು ಒಂದೊಂದಾಗಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುತ್ತ ಬಂದಿದ್ದರಿಂದ, ಮಾನ್ಯತೆಗೆ ಮುಂಚೆ ಮತ್ತು ನಂತರ ಎಂದು ಹೋಲಿಸಲು ಸಾಧ್ಯವಾಯಿತು. ಮಾನ್ಯತೆ ಕೊಟ್ಟ ರಾಜ್ಯಗಳಲ್ಲಿ ಹೈಸ್ಕೂಲು ಮಕ್ಕಳ ಆತ್ಮಹತ್ಯಾ ಯತ್ನಗಳು ಒಟ್ಟಾರೆ 7% ಇಳಿದವು. ಲೈಂಗಿಕ ಅಲ್ಪಸಂಖ್ಯಾತ ಮಕ್ಕಳಲ್ಲಿ ಇಳಿಕೆ 14%. ಹದಿನಾರರ ಹುಡುಗನಿಗೆ ಮದುವೆಯ ಕಾನೂನಿನಿಂದ ಆ ದಿನಕ್ಕೆ ಯಾವ ಉಪಯೋಗವೂ ಇಲ್ಲ. ತನ್ನಂಥವರಿಗೂ ಮುಂದೆ ಒಂದು ಬದುಕಿದೆ ಎಂದು ಅವನಿಗೆ ಅನ್ನಿಸಿತು ಎಂಬುದೇ ಇದಕ್ಕೆ ನನಗೆ ಸರಿತೋರುವ ವಿವರಣೆ.

ಕಾನೂನು ದೂರದ್ದು, ಮನೆ ಹತ್ತಿರದ್ದು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಕೆಲಸ ಸ್ಯಾನ್ ಫ್ರಾನ್ಸಿಸ್ಕೋದ ಕೇಟ್ಲಿನ್ ರಯನ್ ಅವರದು. ರಯನ್ ವೃತ್ತಿಯಿಂದ ಸಮಾಜ ಕಾರ್ಯಕರ್ತೆ. ಹೆತ್ತವರು ಒಪ್ಪಿದರು ಅಥವಾ ಒಪ್ಪಲಿಲ್ಲ ಎಂದು ಎರಡೇ ಖಾನೆ ಮಾಡಿ ಕೈತೊಳೆದುಕೊಳ್ಳುವುದು ಅವರಿಗೆ ಸಾಕಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ತಮ್ಮ ಯೋಜನೆಯಲ್ಲಿ ಮಕ್ಕಳನ್ನೂ ಕುಟುಂಬಗಳನ್ನೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ದೀರ್ಘವಾಗಿ ಮಾತಾಡಿಸಿ, ಮನೆಯಲ್ಲಿ ದಿನನಿತ್ಯ ಏನೇನು ನಡೆಯುತ್ತದೆ ಎಂಬುದನ್ನು ನೂರಕ್ಕೂ ಹೆಚ್ಚು ಬಿಡಿ ವರ್ತನೆಗಳಾಗಿ ಪಟ್ಟಿ ಮಾಡಿದರು. ಮಗುವಿನ ಗೇ ಗೆಳೆಯನನ್ನು ಮನೆಗೆ ಸೇರಿಸದಿರುವುದು, ಬಂಧುಗಳ ಮದುವೆಗೆ ಕರೆದೊಯ್ಯದಿರುವುದು, ಹೊರಗೆ ಏಟು ತಿಂದು ಬಂದಾಗ ನಿನ್ನದೇ ತಪ್ಪು ಎನ್ನುವುದು, ಈ ವಿಷಯ ಮನೆಯಲ್ಲಿ ಎತ್ತಕೂಡದು ಎನ್ನುವುದು, ದೇವರು ಶಿಕ್ಷಿಸುತ್ತಾನೆ ಎನ್ನುವುದು ಒಂದು ಕಡೆ. ಕೂತು ಕೇಳುವುದು, ನೆಂಟರು ಗೇಲಿ ಮಾಡಿದಾಗ ಮಗುವಿನ ಪರ ನಿಲ್ಲುವುದು ಇನ್ನೊಂದು ಕಡೆ.

2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 21ರಿಂದ 25 ವಯಸ್ಸಿನ 224 ಯುವಕ ಯುವತಿಯರು ತಮ್ಮ ಹದಿಹರೆಯವನ್ನು ನೆನೆದು ಉತ್ತರಿಸಿದ್ದರು. ಮನೆಯಲ್ಲಿ ತೀವ್ರ ತಿರಸ್ಕಾರ ಉಂಡವರಲ್ಲಿ, ತಿರಸ್ಕಾರ ಇಲ್ಲದ ಅಥವಾ ತೀರಾ ಕಡಿಮೆಯಿದ್ದ ಮನೆಯವರಿಗಿಂತ, ಸಾಯಲು ಯತ್ನಿಸಿರುವ ಸಾಧ್ಯತೆ 8.4 ಪಟ್ಟು ಹೆಚ್ಚು. ತೀವ್ರ ಖಿನ್ನತೆಯ ಸಾಧ್ಯತೆ 5.9 ಪಟ್ಟು, ಮಾದಕ ವಸ್ತುಗಳ ಬಳಕೆ 3.4 ಪಟ್ಟು. ಅಧ್ಯಯನ ದೊಡ್ಡದಲ್ಲ, ನೆನಪನ್ನು ಆಧರಿಸಿದ್ದು, ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣ ಎಂದು ಸಾಧಿಸಿದಂತಲ್ಲ. ಆದರೆ ಮರುವರ್ಷ ಅದೇ ತಂಡ ಒಪ್ಪಿಗೆಯ ವರ್ತನೆಗಳನ್ನು ಅಳೆದಾಗ ಚಿತ್ರ ತದ್ವಿರುದ್ಧ ದಿಕ್ಕಿನಲ್ಲಿ ಹೊಂದಿಕೊಂಡಿತು: ಒಪ್ಪಿಗೆ ಹೆಚ್ಚಿದ್ದ ಮನೆಗಳಿಂದ ಬಂದವರಲ್ಲಿ ಆತ್ಮವಿಶ್ವಾಸ, ಆರೋಗ್ಯ ಹೆಚ್ಚಿತ್ತು.

ಈ ಸಂಖ್ಯೆಗಳಿಗಿಂತ ರಯನ್ ಕಂಡ ಇನ್ನೊಂದು ಸಂಗತಿ ನನಗೆ ದೊಡ್ಡದು. ತಿರಸ್ಕರಿಸಿದ ತಂದೆತಾಯಂದಿರಲ್ಲಿ ಅನೇಕರು ಹಾಗೆ ಮಾಡಿದ್ದು ಪ್ರೀತಿಯಿಂದ, ಹೆದರಿಕೆಯಿಂದ. ಮಗು ನಾಲ್ಕು ಜನರ ನಡುವೆ ಒಪ್ಪಿತವಾಗಿ ಬಾಳಲಿ, ಏಟು ತಿನ್ನದಿರಲಿ ಎಂದೇ ಅವರು ಗದರಿಸಿದ್ದರು. ಮಗುವಿಗೆ ತಲುಪಿದ್ದು ಮಾತ್ರ ಬೇರೆ: ಅಮ್ಮ ಅಪ್ಪನಿಗೆ ನಾನು ಬೇಡ. ನಮ್ಮ ಮನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ‘ಜನ ಏನಂತಾರೆ’ ಎಂಬ ಹೆದರಿಕೆ, ಹರಕೆ, ಯಂತ್ರ, ತಾಯತ, ಜಿಮ್ಮಿಗೆ ಸೇರಿಸುವುದು, ತಂಗಿಯ ಮದುವೆ ಮುಗಿಯುವ ತನಕ ಬಾಯಿ ಬಿಡಬೇಡ ಎನ್ನುವುದು, ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಕೊನೆಯದರಿಂದ ಸರಿಹೋಗುವುದಿಲ್ಲ, ಏನೂ ಅರಿಯದ ಇನ್ನೊಂದು ಜೀವವೂ ಸಂಕಟಕ್ಕೆ ಬೀಳುತ್ತದೆ. ಪ್ರೀತಿ ಇದೆ ಎಂಬುದೇ ಇಲ್ಲಿ ಆಶೆಯ ಸಂಗತಿ. ಪ್ರೀತಿಯಿರುವವರಿಗೆ, ನಿಮ್ಮ ಈ ಮಾತಿನಿಂದ ಮಗುವಿನ ಆರೋಗ್ಯಕ್ಕೆ ಇಂಥ ಪೆಟ್ಟಾಗುತ್ತದೆ ಎಂದು ತೋರಿಸಿದರೆ ಅವರು ಆ ಮಾತನ್ನು ಬಿಡಲು ಯತ್ನಿಸುತ್ತಾರೆ. ನಂಬಿಕೆಯನ್ನು ಒಂದೇ ದಿನದಲ್ಲಿ ಬದಲಿಸಿಕೊಳ್ಳಿ ಎಂದು ರಯನ್ ಯಾವ ಕುಟುಂಬವನ್ನೂ ಒತ್ತಾಯಿಸುವುದಿಲ್ಲ. ಮೊದಲು ನೋಯಿಸುವ ವರ್ತನೆ ಕಡಿಮೆಯಾಗಲಿ ಎನ್ನುತ್ತಾರೆ. ತಿರಸ್ಕಾರ ಪೂರ್ತಿ ನಿಲ್ಲದೆ ಬರೀ ಇಳಿದರೂ ಅಪಾಯ ಇಳಿಯುತ್ತದೆ ಎಂಬುದು ಅವರ ಅಂಕಿಗಳಿಂದಲೇ ತಿಳಿಯುತ್ತದೆ.

ಮಗು ಬಾಯಿಬಿಡುವ ಆ ಹೊತ್ತಿಗೆ ಯಾರೂ ಸಿದ್ಧರಾಗಿರುವುದಿಲ್ಲ. ‘ಅಮ್ಮಾ, ನನಗೆ ಹುಡುಗೀರ ಬಗ್ಗೆ ಹಾಗೆಲ್ಲ ಅನ್ಸೋದಿಲ್ಲಮ್ಮ’ ಎಂಬ ಒಂದು ಸಾಲು ಹೇಳಲು ಅದು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತದೆ. ಕೇಳಿದವರಿಗೆ ಎದೆ ಹೊಡೆದುಕೊಳ್ಳುವುದು ಸಹಜ. ಆ ಕ್ಷಣಕ್ಕೆ ಜ್ಞಾನವೇನೂ ಬೇಕಾಗಿಲ್ಲ. ‘ಹೇಳಿದ್ದು ಒಳ್ಳೇದಾಯ್ತು ಪುಟ್ಟ, ನನಗೆ ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕು, ಆದ್ರೆ ನೀನು ನನ್ನ ಮಗನೇ’ ಎಂದರೆ ಸಾಕು. ‘ಯಾರು ನಿನ್ನ ಕೆಡಿಸಿದ್ದು?’ ಎಂಬ ಪ್ರಶ್ನೆ ಬೇಡ. ಮಗುವನ್ನು ಕೇಳದೆ ದೊಡ್ಡಪ್ಪನಿಗೋ ಕ್ಲಾಸ್ ಟೀಚರಿಗೋ ಹೇಳುವುದು ಬೇಡವೇ ಬೇಡ. ಗುಟ್ಟು ಯಾರ ಕೈಗೆ ಸಿಕ್ಕರೆ ಅಪಾಯ ಎಂಬುದು ಮಗುವಿಗೇ ಚೆನ್ನಾಗಿ ಗೊತ್ತಿರುತ್ತದೆ. ಶಾಲೆಯಲ್ಲಿ ಯಾರಾದರೂ ಕಾಟ ಕೊಡುತ್ತಿದ್ದಾರೆಯೇ ಎಂದು ಮಾತ್ರ ಕೇಳಲೇಬೇಕು.

ಹೆತ್ತವರಿಗೂ ಜೊತೆ ಬೇಕು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಜೀನ್ ಮ್ಯಾನ್‌ಫೋರ್ಡ್ ತಮ್ಮ ಗೇ ಮಗನ ಮೇಲೆ ಹಲ್ಲೆಯಾದಾಗ ಪತ್ರಿಕೆಗೆ ಬಹಿರಂಗವಾಗಿ ಪತ್ರ ಬರೆದರು. 1972ರ ಜೂನಿನಲ್ಲಿ, ಹೆತ್ತವರೇ ಒಂದಾಗಿ ಎಂಬ ಫಲಕ ಹಿಡಿದು ಮಗನ ಜೊತೆ ಮೆರವಣಿಗೆಯಲ್ಲಿ ನಡೆದರು. ದಾರಿಯುದ್ದಕ್ಕೂ ಯುವಜನರು ಓಡಿ ಬಂದು, ನಮ್ಮ ಮನೆಯವರ ಜೊತೆಗೂ ಮಾತಾಡಿ ಎಂದು ಬೇಡಿಕೊಂಡರು. ಮರುವರ್ಷ ಚರ್ಚೊಂದರಲ್ಲಿ ಸೇರಿದ ಹೆತ್ತವರ ಸಣ್ಣ ಸಭೆಯೇ ಬೆಳೆದು ಇಂದು ಪಿಫ್ಲ್ಯಾಗ್ ಎಂಬ ದೊಡ್ಡ ಸಂಘಟನೆಯಾಗಿದೆ. ನಮ್ಮಲ್ಲಿ 2017ರಲ್ಲಿ ಮುಂಬೈಯಲ್ಲಿ ಶುರುವಾದ ‘ಸ್ವೀಕಾರ್’ ಇಂಥದೇ ಹೆತ್ತವರ ಬಳಗ. ಇನ್ನೊಬ್ಬ ತಾಯಿ ಹೇಳಿದಾಗ ಇಳಿಯುವ ಭಯ, ತಜ್ಞರು ಹೇಳಿದಾಗ ಇಳಿಯುವುದಿಲ್ಲ.

ತಜ್ಞರ ಮಾತು ಬಂತಾದ್ದರಿಂದ ಒಂದು ಎಚ್ಚರಿಕೆ. ಸರಿಮಾಡಿಕೊಡುತ್ತೇವೆ ಎನ್ನುವವರ ಬಳಿಗೆ ಮಗುವನ್ನು ಒಯ್ಯಬೇಡಿ. 1973ರ ಬದಲಾವಣೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅವರೇ 2003ರಲ್ಲಿ, ಕೆಲವರ ಆಕರ್ಷಣೆ ಚಿಕಿತ್ಸೆಯಿಂದ ಬದಲಾಗುತ್ತದೆ ಎಂಬ ಅಧ್ಯಯನ ಪ್ರಕಟಿಸಿದ್ದರು. ಅದನ್ನು ಜಗತ್ತಿನಾದ್ಯಂತ ಇಂಥ ಚಿಕಿತ್ಸಕರು ಹಿಡಿದು ತಿರುಗಿದರು. ಆ ಅಧ್ಯಯನದಿಂದ ಅಂಥ ತೀರ್ಮಾನ ಹೊರಡಲು ಸಾಧ್ಯವಿರಲಿಲ್ಲ ಎಂದು ಸ್ಪಿಟ್ಜರ್ 2012ರಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. 2021ರ ಜೂನಿನಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಂಥ ಚಿಕಿತ್ಸೆಯನ್ನು ನಿಷೇಧಿಸಿ ಆದೇಶಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. ಆ ನ್ಯಾಯಮೂರ್ತಿಗಳು ತೀರ್ಪಿಗೆ ಮೊದಲು ಮಾಡಿದ ಒಂದು ಕೆಲಸ ನನ್ನಲ್ಲಿ ಗೌರವ ಹುಟ್ಟಿಸುತ್ತದೆ. ಈ ವಿಷಯ ತಮಗೆ ಪೂರ್ತಿ ಅರ್ಥವಾಗಿಲ್ಲವೆಂದು ತೆರೆದ ಮನಸ್ಸಿನಿಂದ ಒಪ್ಪಿ, ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ಕೂತು ಕಲಿತರು. ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಿಯಲು ಸಿದ್ಧರಿರುವಾಗ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅದು ಕಷ್ಟವಾಗಬೇಕಿಲ್ಲ.

ಇನ್ನು ಶಾಲೆ. ಪೀಡನೆಯ ಮೇಲಿನ ವೈಜ್ಞಾನಿಕ ಅಧ್ಯಯನ ಬಲವಾಗಿ ಬೇರೂರಿದ್ದು ಸ್ಕ್ಯಾಂಡಿನೇವಿಯಾದಲ್ಲಿ, ಡಾನ್ ಓಲ್ವೇಯಸ್ ಅವರಿಂದ. ಕಾಟ ತಾಳಲಾರದೆ ನಾರ್ವೆಯ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಬಳಿಕ, 1983ರಲ್ಲಿ ಆ ದೇಶ ರಾಷ್ಟ್ರಮಟ್ಟದ ಅಭಿಯಾನವನ್ನೇ ಆರಂಭಿಸಿತು. ಮುಂದೆ ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ 1996ರಲ್ಲಿ ನೋಟವನ್ನು ಇನ್ನಷ್ಟು ಅಗಲಿಸಿದರು. ಪೀಡನೆಯೆಂದರೆ ಇಬ್ಬರ ನಡುವಿನ ವ್ಯವಹಾರವಲ್ಲ, ಇಡೀ ತರಗತಿ ಅದರಲ್ಲಿ ಒಂದೊಂದು ಪಾತ್ರ ವಹಿಸುತ್ತದೆ ಎಂದರು. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ನೋಡದಂತೆ ಹೋಗುವವರು, ಅಡ್ಡ ಬರುವವರು. ಆಶ್‌ಲ್ಯಾಂಡಿನ ಆ ತರಗತಿಯ ಇಪ್ಪತ್ತು ಮಕ್ಕಳು ಇಲ್ಲಿ ಲೆಕ್ಕಕ್ಕೆ ಬರುತ್ತಾರೆ. ಕಾಟ ಕೊಡುವವನಿಗೆ ಬೇಕಾದದ್ದು ಗುಂಪಿನಲ್ಲಿ ಸ್ಥಾನ. ಆ ಸ್ಥಾನವನ್ನು ಕೊಡುವುದು ಅವರ ನಗು.

ನಗದೆ ಅಡ್ಡ ಬಂದರೆ ಏನಾಗುತ್ತದೆ? ಕೆನಡಾದ ಸಂಶೋಧಕರು ಆಟದ ಮೈದಾನಗಳಲ್ಲಿ ಮಕ್ಕಳನ್ನು ದೂರದಿಂದ ಚಿತ್ರೀಕರಿಸಿ, 2001ರಲ್ಲಿ ಉತ್ತರ ಕೊಟ್ಟರು. ಸಹಪಾಠಿಯೊಬ್ಬ ಮಧ್ಯೆ ಬಂದಾಗ, ಅರ್ಧಕ್ಕೂ ಹೆಚ್ಚು ಸಲ, ಅಂದರೆ 57% ಪ್ರಸಂಗಗಳಲ್ಲಿ, ಹತ್ತು ಸೆಕೆಂಡಿನೊಳಗೆ ಕಾಟ ನಿಂತುಹೋಯಿತು. ಆದರೆ ಮಧ್ಯೆ ಬಂದವರೇ ಅಪರೂಪ. ಮಕ್ಕಳಲ್ಲಿ ಅಷ್ಟು ಧೈರ್ಯ ಬರಬೇಕಾದರೆ ಮೊದಲು ಮೇಷ್ಟ್ರು ಅಡ್ಡ ಬರಬೇಕು. ‘ಚಕ್ಕಾ’ ಎಂಬ ಪದ ತರಗತಿಯಲ್ಲಿ ಕೇಳಿಬಂದ ಆ ಕ್ಷಣದಲ್ಲೇ ಪಾಠ ನಿಲ್ಲಿಸಿ, ಈ ಕೋಣೆಯಲ್ಲಿ ಆ ಮಾತು ನಡೆಯುವುದಿಲ್ಲ ಎಂದು ಹೇಳಬೇಕು. ಹಾಗೆ ಹೇಳುವುದು ಬೈಸಿಕೊಂಡವನಿಗೆ ಮಾತ್ರವಲ್ಲ, ಮೂರನೇ ಬೆಂಚಿನಲ್ಲಿ ಕೂತು, ಯಾರಿಗೂ ಹೇಳಿಕೊಳ್ಳದೆ ಎಲ್ಲವನ್ನೂ ಗಮನಿಸುತ್ತಿರುವ ಇನ್ನೊಬ್ಬನಿಗೂ ಕೇಳಿಸುತ್ತದೆ. ಬೈಸಿಕೊಂಡವನು ಸಲಿಂಗಿ ಆಗಿರಬೇಕೆಂದೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಶಾಲೆಗಳ ಮೇಲೆ ಎಲಿಜಬೆತ್ ಸೇವಿಕ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೇ ಮಕ್ಕಳಿಗೂ ಅವರ ಗೆಳೆಯರಿಗೂ ಸಂಘಗಳಿದ್ದು ಮೂರು ವರ್ಷ ದಾಟಿದ್ದ ಶಾಲೆಗಳಲ್ಲಿ, ಗೇ ಅಲ್ಲದ ಹುಡುಗರಲ್ಲೂ ಆತ್ಮಹತ್ಯಾ ಯತ್ನಗಳು ಕಡಿಮೆಯಿದ್ದವು. ಗಂಡುತನದ ಪರೀಕ್ಷೆಯಲ್ಲಿ ನಿತ್ಯ ಪಾಸಾಗಬೇಕಾದ ಹೊರೆ ಇಳಿದರೆ ಎಲ್ಲ ಹುಡುಗರೂ ಹಗುರಾಗುತ್ತಾರೆ.

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಯುನೆಸ್ಕೊ 2019ರಲ್ಲಿ ಹೊರತಂದ ವರದಿಯೊಂದಿದೆ. ಚೆನ್ನೈನ ‘ಸಹೋದರನ್’ ಸಂಸ್ಥೆಯ ಜೊತೆ 371 ಲೈಂಗಿಕ ಅಲ್ಪಸಂಖ್ಯಾತ ಯುವಜನರನ್ನು ಮಾತಾಡಿಸಿ ಸಿದ್ಧಪಡಿಸಿದ್ದು. ಅವರಲ್ಲಿ 60% ಜನ ಮಾಧ್ಯಮಿಕ, ಪ್ರೌಢಶಾಲೆಯ ದಿನಗಳಲ್ಲಿ ದೈಹಿಕ ಹಲ್ಲೆಗೆ ಒಳಗಾಗಿದ್ದರು. ಶಾಲೆಗೆ ದೂರು ಕೊಟ್ಟವರು 18% ಮಾತ್ರ. ಮೂರರಲ್ಲಿ ಒಬ್ಬರು ಓದು ಬಿಡಲು ಈ ಕಾಟವೇ ಮುಖ್ಯ ಕಾರಣ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತದಿಂದ ಸಲಿಂಗ ಪ್ರೇಮವನ್ನು ಬಿಡಿಸಿತು ನಿಜ. ತೀರ್ಪು ಶಾಲೆಯ ಶೌಚಾಲಯದವರೆಗೆ ತಾನಾಗಿ ನಡೆದು ಬರುವುದಿಲ್ಲ. ಆದರೂ ಹೆತ್ತವರ ಕೈಯಲ್ಲಿ ಹತಾರಗಳಿವೆ. 18 ವರ್ಷದೊಳಗಿನ ಹುಡುಗನ ಬಟ್ಟೆ ಬಿಚ್ಚಿಸುವುದು, ಲೈಂಗಿಕವಾಗಿ ಮೈಮುಟ್ಟಿ ಹಿಂಸಿಸುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಆ ಕಾಯ್ದೆ ಹೆಣ್ಣುಮಕ್ಕಳಿಗಷ್ಟೇ ಎಂಬುದು ತಪ್ಪು ತಿಳಿವಳಿಕೆ. ಕಾಲೇಜಿನ ಮಟ್ಟದಲ್ಲಿ ಯುಜಿಸಿ 2016ರಲ್ಲಿ ರ‍್ಯಾಗಿಂಗ್ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ ಲೈಂಗಿಕ ಒಲವಿನ ಕಾರಣಕ್ಕೆ ಕೊಡುವ ಕಾಟವನ್ನೂ ಹೆಸರಿಸಿ ಸೇರಿಸಿದೆ. ದೂರು ಕೊಡುವಾಗ ಬಾಯಿಮಾತಿನಲ್ಲಿ ಮುಗಿಸದೆ ದಿನಾಂಕ, ಜಾಗ, ಯಾರು, ಏನು ಎಂದು ಬರೆದು ಕೊಟ್ಟು, ಸ್ವೀಕೃತಿ ಪಡೆಯಬೇಕು. ನಬೋಜ್ನಿ ಗೆದ್ದದ್ದು, ಶಾಲೆಗೆ ಎಲ್ಲ ಗೊತ್ತಿತ್ತು ಎಂಬುದನ್ನು ತೋರಿಸಲು ಸಾಧ್ಯವಾಗಿದ್ದರಿಂದ.

ಹುಡುಗಿಯರ ಕಷ್ಟ ಇದೇ ಅಚ್ಚಿನದಲ್ಲ. ಅವರಿಗೆ ಮೈದಾನದ ಏಟಿಗಿಂತ ಮನೆಯ ಕಟ್ಟುಪಾಡು ದೊಡ್ಡದು: ಫೋನ್ ಕಿತ್ತುಕೊಳ್ಳುವುದು, ಗೆಳತಿಯ ಮನೆಗೆ ಹೋಗದಂತೆ ತಡೆಯುವುದು, ಓದು ನಿಲ್ಲಿಸಿ ಗಂಡು ಹುಡುಕುವುದು. ಶಾಲೆಗೆ ಕಳಿಸುತ್ತಲೇ ಇರುವುದು ಅವರಿಗೆ ಕೊಡಬಹುದಾದ ಬಹುದೊಡ್ಡ ಆಸರೆ.

ಹಳ್ಳಿಯ, ಸಣ್ಣ ಊರಿನ ಮಗುವಿಗೆ ಇನ್ನೊಂದು ಕೊರತೆ, ತನ್ನಂಥ ಒಬ್ಬರೂ ಎಲ್ಲಿಯೂ ಕಾಣದಿರುವುದು. ಬೆಂಗಳೂರಿನಲ್ಲಿ 1994ರಿಂದ ‘ಗುಡ್ ಆ್ಯಸ್ ಯು’ ಬಳಗ ಸೇರುತ್ತ ಬಂದಿದೆ. 1999ರಿಂದ ‘ಸಂಗಮ’ ಸಂಸ್ಥೆ ಕೆಲಸ ಮಾಡುತ್ತಿದೆ. ಸಂಡೂರಿನ ಹದಿನೈದರ ಹುಡುಗನಿಗೆ ಬೆಂಗಳೂರು ದೂರ. ಅವನಿಗೆ ಪುಸ್ತಕ ಸಿಗಬಹುದು. ಸಂಡೂರಿನಲ್ಲೇ ಬೆಳೆದ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ಪ್ರಕಟಿಸಿ, ತಾವು ಗೇ ಎಂಬುದನ್ನೂ ಮುಚ್ಚಿಡದೆ ಹೇಳಿಕೊಂಡಾಗ, ಕನ್ನಡದಲ್ಲಿ ಓದುವ ಅನೇಕರಿಗೆ ತಮ್ಮದೇ ಭಾಷೆಯಲ್ಲಿ ತಮ್ಮ ಬದುಕು ಮೊದಲ ಬಾರಿಗೆ ಕಂಡಿತು. ಅದು ದೊಡ್ಡವರ ಕಥೆಗಳ ಪುಸ್ತಕ. ಕಾಲೇಜಿನ ಗ್ರಂಥಾಲಯದಲ್ಲಿ ಅದು ಬೀರುವಿನೊಳಗೆ ಬೀಗ ಹಾಕಿಸಿಕೊಳ್ಳದೆ ಇರಲಿ ಎಂದು ನಾನು ಬಯಸುತ್ತೇನೆ.

ಎಲ್ಲರೂ ಬದಲಾಗುವ ತನಕ ಮಗು ಕಾಯಬೇಕಾಗಿಲ್ಲ. ಟ್ರೆವರ್ ಪ್ರಾಜೆಕ್ಟ್ ಎಂಬ ಅಮೆರಿಕದ ಸಂಸ್ಥೆ 2019ರಲ್ಲಿ 13ರಿಂದ 24 ವಯಸ್ಸಿನ ಸಾವಿರಾರು ಮಂದಿಯ ಸಮೀಕ್ಷೆ ನಡೆಸಿದಾಗ, ತನ್ನನ್ನು ಒಪ್ಪಿಕೊಂಡ ಒಬ್ಬ ದೊಡ್ಡವರಾದರೂ ಇದ್ದವರಲ್ಲಿ ಆತ್ಮಹತ್ಯಾ ಯತ್ನದ ಸಾಧ್ಯತೆ 40% ಕಡಿಮೆ ಕಂಡಿತು. ಒಬ್ಬರು. ಅದು ಅಪ್ಪ ಅಮ್ಮನೇ ಆಗಬೇಕಿಲ್ಲ. ಸೋದರತ್ತೆ ಆಗಬಹುದು, ಪಿಟಿ ಮೇಷ್ಟ್ರು ಆಗಬಹುದು, ಹಾಸ್ಟೆಲ್ ವಾರ್ಡನ್ ಆಗಬಹುದು, ಪಕ್ಕದ ಮನೆಯ ಅಜ್ಜಿಯೂ ಆಗಬಹುದು.

ಆ ಒಬ್ಬರು ನೀವೇ ಆಗಿದ್ದು, ಮಗು ಊಟ ಬಿಟ್ಟಿದ್ದರೆ, ಇಷ್ಟದ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ, ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಎಂಬಂಥ ಮಾತಾಡಿದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಹೆದರಿಕೆ ಬೇಡ. ಮೆಡಲಿನ್ ಗೋಲ್ಡ್ ತಂಡ 2005ರಲ್ಲಿ ನ್ಯೂಯಾರ್ಕ್ ರಾಜ್ಯದ 2,342 ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿತು. ಕೇಳಿಸಿಕೊಂಡವರಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ, ಮೊದಲೇ ಸಂಕಟದಲ್ಲಿದ್ದ ಮಕ್ಕಳ ತಳಮಳ ತುಸು ಇಳಿಯಿತು. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ಕರೆಗೆ ದುಡ್ಡಿಲ್ಲ. ಮನೆಯಲ್ಲೇ ಹೊಡೆತ ಬಡಿತವಿದ್ದರೆ ಮಕ್ಕಳ ಸಹಾಯವಾಣಿ 1098. ಮನೋವೈದ್ಯರಲ್ಲಿಗೆ ಹೋಗುವಾಗ, ಮಗುವಿನ ಖಿನ್ನತೆಗೆ ಚಿಕಿತ್ಸೆ ಬೇಕು, ಒಲವಿಗಲ್ಲ ಎಂದು ಮೊದಲೇ ಹೇಳಿ. ಒಲವನ್ನೇ ಬದಲಿಸೋಣ ಎಂದವರ ಎದುರಿನಿಂದ ಮಗುವನ್ನು ಎಬ್ಬಿಸಿಕೊಂಡು ಬಂದು, ಬೇರೆ ವೈದ್ಯರನ್ನು ನೋಡಿ.